ಶೆಟ್ಟಿಕೆರೆಯ ಸುಟ್ಟ ಫ್ಯೂಸು

"ಈ ಮೀಟರ್ ಕೆಟ್ಟಿದೆಯೋ ಇಲ್ಲವೋ, ಅಷ್ಟು ಹೇಳಿಬಿಡಿ ಮೇಡಂ," ಎಂದು ದಿನೇಶ್ ಹಳದಿ ಬಣ್ಣದ ಡಿಜಿಟಲ್ ಮಲ್ಟಿಮೀಟರೊಂದನ್ನು ಅನುಪಮಾ ಅವರ ಮೇಜಿನ ಮೇಲಿಟ್ಟ. ಸಂತೆಯಲ್ಲೂ ಸಿಗುವ ಅಗ್ಗದ ಮಾಲು. ಅವನ ಹಿಂದೆ ಸಬ್ ಇನ್ಸ್‌ಪೆಕ್ಟರ್ ತೋಂಟದಾರ್ಯ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು.

ಅನುಪಮಾ ತಿಪಟೂರಿನ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಪಾಠ ಹೇಳುವವರು. ದಿನೇಶ್ ಅವರ ಲ್ಯಾಬಿನ ಸಹಾಯಕ. ಬಿಡಿಸಲಾಗದ ತಂಟೆ ಎದುರಾದಾಗ ಪೊಲೀಸರೂ ಆ ಲ್ಯಾಬಿನ ಬಾಗಿಲು ತಟ್ಟುವುದಿತ್ತು. ಅಂಥ ಎಷ್ಟೋ ಸಲ ದಿನೇಶ್ ಅನುಪಮಾ ಅವರ ಜೊತೆ ಓಡಾಡಿದ್ದ. ಈ ಸಲ ಸತ್ತವನು ಅವನ ಸ್ವಂತ ಅಣ್ಣ ರಂಗನಾಥ್.

ಶೆಟ್ಟಿಕೆರೆಯ ತೆಂಗಿನ ತೋಟದ ಪಂಪ್‌ಹೌಸಿನಲ್ಲಿ ಸ್ಟಾರ್ಟರ್ ರಿಪೇರಿ ಮಾಡುತ್ತಿದ್ದಾಗ ರಂಗನಾಥನಿಗೆ ಕರೆಂಟ್ ಹೊಡೆದಿತ್ತು. ಪಕ್ಕದಲ್ಲಿ ಈ ಮೀಟರ್ ಬಿದ್ದಿತ್ತು. ಅದನ್ನು ಅವನಿಗೆ ಕೊಟ್ಟವನು ಹೆಂಡತಿಯ ತಮ್ಮ ಮೈಲಾರಿ. ಕಿಬ್ಬನಹಳ್ಳಿಯಲ್ಲಿ ಟಿವಿ, ರೇಡಿಯೋ ರಿಪೇರಿ ಮಾಡುವವನು. ಕೆಟ್ಟ ಮೀಟರ್ ಕೊಟ್ಟು ಭಾವನನ್ನು ಕೊಂದ ಎಂದು ಜನ ಅವನ ಅಂಗಡಿಯ ಗಾಜು ಒಡೆದಿದ್ದರು. ಸ್ವಂತ ಅಕ್ಕನೇ ಅವನ ಮುಖ ನೋಡುತ್ತಿರಲಿಲ್ಲ.

"ಒಳಗಿನ ಫ್ಯೂಸು ಸುಟ್ಟಿದೆ. ನಾನೇ ಬಿಚ್ಚಿ ನೋಡಿದೆ," ಎಂದರು ತೋಂಟದಾರ್ಯ. "ಇವರೆಲ್ಲರ ದೊಡ್ಡಣ್ಣ ಮಾಯಣ್ಣ, ಒಳಗೆ ಫ್ಯೂಸ್ ಗೀಸ್ ಸುಟ್ಟೈತಾ ನೋಡಿ ಸ್ವಾಮಿ ಅಂದರು. ನೋಡಿದರೆ ಹಾಗೇ ಇತ್ತು. ಮೈಲಾರಿಯ ಮೇಲೆ ಕೇಸು ಹಾಕುವುದೊಂದೇ ಬಾಕಿ."

"ಸಿಕ್ಕಾಗ ಮೀಟರಿನ ತಿರುಗುಗುಂಡಿ ಎಲ್ಲಿತ್ತು?" ಎಂದು ಕೇಳಿದರು ಅನುಪಮಾ.

"ಎಸಿ ವೋಲ್ಟೇಜಿನ ದೊಡ್ಡ ಅಳತೆಯ ಮೇಲೆ. ಪಂಚನಾಮೆಯಲ್ಲಿ ಬರೆಸಿದ್ದೇನೆ."

ಅನುಪಮಾ ಮೀಟರಿನ ವೈರುಗಳನ್ನು ಬಗ್ಗಿಸಿ, ಎಳೆದು ನೋಡಿದರು. ಎಲ್ಲೂ ಒಳಗೆ ತುಂಡಾಗಿರಲಿಲ್ಲ. ಲ್ಯಾಬಿನ ದುಬಾರಿ ಮೀಟರನ್ನು ಪಕ್ಕದಲ್ಲಿಟ್ಟು, ಎರಡರಿಂದಲೂ ಒಂದೇ ಬ್ಯಾಟರಿಯನ್ನು ಅಳೆದರು; ಆಮೇಲೆ ಒಂದೇ ಪ್ಲಗ್ಗನ್ನು ಅಳೆದರು. ಏನು ಬಂತೆಂದು ಹೇಳಲಿಲ್ಲ. ಹಿಂಬದಿ ಬಿಚ್ಚಿ, ಗಾಜಿನ ಫ್ಯೂಸನ್ನು ಚಿಮಟದಲ್ಲಿ ಹಿಡಿದು, ಅದರ ತುದಿಯ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಓದಿದರು. ದಿನೇಶ್ ಎಲ್ಲವನ್ನೂ ನೋಡುತ್ತ ನಿಂತಿದ್ದ. ಯಾರದೋ ಮನೆಯ ವಿಷಯ ಎಂಬಂತಿತ್ತು ಅವನಿಗೆ. ಅಣ್ಣ ಸತ್ತ ದಿನದಿಂದ ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ. ಬಾಯಿಗೆ ಉಪ್ಪು ಖಾರ ಗೊತ್ತಾಗುತ್ತಿರಲಿಲ್ಲ.

"ತೋಟಕ್ಕೆ ಹೋಗೋಣ," ಎಂದರು ಅನುಪಮಾ.

ಬೋರ್‌ವೆಲ್ ಮಾಯಣ್ಣ, ರಂಗನಾಥ್ ಇಬ್ಬರಿಗೂ ಸೇರಿದ್ದು. ಸರದಿಯ ಮೇಲೆ ನೀರು. ಪಂಪ್‌ಹೌಸ್ ತೋಟದ ನಡುವಿತ್ತು, ಅದರ ಮೇನ್ ಸ್ವಿಚ್ ಮಾತ್ರ ಮಾಯಣ್ಣನ ಮನೆಯ ಪಕ್ಕದ ಕೊಬ್ಬರಿ ಶೆಡ್ಡಿನಲ್ಲಿ. ಅಲ್ಲಿ ನಿಂತರೆ ಮರಗಳ ಮರೆಯಲ್ಲಿ ಪಂಪ್‌ಹೌಸ್ ಕಾಣುತ್ತಿರಲಿಲ್ಲ.

ಮಾಯಣ್ಣ ಎಳನೀರು ಕೆತ್ತಿ ಕೊಟ್ಟ. "ಮೇನ್ ಸ್ವಿಚ್ ಹಾಕೇ ಇತ್ತು ಕಣಮ್ಮ. ಮೀಟ್ರು ಸೊನ್ನೆ ತೋರ್ಸೈತೆ, ರಂಗ ನಂಬ್ಕೊಂಡು ಕೈ ಹಾಕವ್ನೆ."

ಪಡಸಾಲೆಯಲ್ಲಿ ಟಿವಿಗೆ ಟವೆಲ್ಲು ಹೊದಿಸಿತ್ತು. ಅನುಪಮಾ ಅತ್ತ ನೋಡಿದ್ದು ಕಂಡು ಮಾಯಣ್ಣನೇ ಹೇಳಿದ: "ಅದು ನಿಂತು ಬಾಳ ದಿನ ಆಯ್ತು. ಸ್ಟೆಬಿಲೈಜರ್ ಫ್ಯೂಸು ಸುಟ್ಟೈತೆ ಅಂದಿದ್ದ ಮೈಲಾರಿ. ಅದು ಸುಟ್ರೆ ಮಿಶಿನ್ನೇ ಸತ್ತಂಗಂತೆ."

ಅನುಪಮಾ ಎಳನೀರನ್ನು ಪೂರ್ತಿ ಕುಡಿದು ಬುರುಡೆ ಕೆಳಗಿಟ್ಟರು. "ಎಲ್ಲರನ್ನೂ ಇಲ್ಲಿಗೇ ಕರೆಸಿ," ಎಂದರು ತೋಂಟದಾರ್ಯರಿಗೆ.

ಅದೇ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ರಂಗನಾಥನ ಹೆಂಡತಿ ಗಂಗಮ್ಮ ಗೋಡೆಗೆ ಒರಗಿ ಕೂತಳು. ಮೈಲಾರಿ ಬಾಗಿಲ ಆಚೆಗೇ ನಿಂತ.

"ಮೊದಲು ಮೀಟರಿನ ಪರೀಕ್ಷೆ," ಎಂದು ಅನುಪಮಾ ಮೀಟರಿನ ಎರಡು ಕಡ್ಡಿಗಳನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿದರು. "ಸುಟ್ಟ ಫ್ಯೂಸು ಇನ್ನೂ ಒಳಗೇ ಇದೆ. ಇನ್ಸ್‌ಪೆಕ್ಟರ್, ಏನು ಕಾಣುತ್ತಿದೆ?"

ತೋಂಟದಾರ್ಯ ಬಗ್ಗಿ ನೋಡಿದರು. "ಇನ್ನೂರ ಇಪ್ಪತ್ತಾರು."

"ಲ್ಯಾಬಿನಲ್ಲೂ ಹೀಗೇ. ದುಬಾರಿ ಮೀಟರಿಗೂ ಇದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ. ಎಷ್ಟು ಕರೆಂಟ್ ಹರಿಯುತ್ತಿದೆ ಎಂದು ಅಳೆಯುವಾಗ ಮಾತ್ರ ಈ ಫ್ಯೂಸು ದಾರಿಗೆ ಬರುತ್ತದೆ. ವೋಲ್ಟೇಜ್ ಅಳೆಯುವಾಗ ಅದರ ಗೊಡವೆಯೇ ಇಲ್ಲ. ಗುಂಡಿ ಸರಿಯಾದ ಜಾಗದಲ್ಲಿತ್ತು, ವೈರು ಚೆನ್ನಾಗಿದೆ. ಕರೆಂಟ್ ಇದ್ದಿದ್ದರೆ ಮೀಟರ್ ತೋರಿಸುತ್ತಿತ್ತು. ರಂಗನಾಥ್ ಅಳೆದಾಗ ಅದು ಸೊನ್ನೆ ತೋರಿಸಿದ್ದರೆ, ಆಗ ನಿಜವಾಗಿಯೂ ಕರೆಂಟ್ ಇರಲಿಲ್ಲ. ಅವರೇ ಮೇನ್ ಸ್ವಿಚ್ ತೆಗೆದು ಹೋಗಿರಬೇಕು. ಅವರು ಕೈ ಹಾಕಿದ ಮೇಲೆ ಯಾರೋ ಅದನ್ನು ಮತ್ತೆ ಹಾಕಿದ್ದಾರೆ."

ಅನುಪಮಾ ಮೀಟರನ್ನು ಮಗುಚಿ ಹಿಡಿದರು.

"ಹಾಗಾದರೆ ಫ್ಯೂಸು ಸುಟ್ಟಿದ್ದು ಹೇಗೆ? ಮೀಟರಿನ ಬೆನ್ನ ಮೇಲೆ ಕಾಲು ಆಂಪಿಯರ್ ಫ್ಯೂಸು ಹಾಕಿ ಎಂದಿದೆ. ಒಳಗಿರುವುದು ಎರಡು ಆಂಪಿಯರಿನದು. ಹೊಸ ಮೀಟರಿನಲ್ಲಿ ಅದು ಬರುವುದಿಲ್ಲ. ಯಾರೋ ಆಮೇಲೆ ಬೇರೆ ಕಡೆಯಿಂದ ತಂದು ಹಾಕಿದ್ದಾರೆ, ತಪ್ಪು ಮೀಟರಿನ ಮೇಲೆ ಬೀಳಲಿ ಎಂದು. ಮೈಲಾರಿ, ಫ್ಯೂಸು ಸುಟ್ಟರೆ ಈ ಮೀಟರ್ ವೋಲ್ಟೇಜ್ ತೋರಿಸುವುದಿಲ್ಲವೇ?"

"ತೋರ್ಸುತ್ತೆ ಮೇಡಂ. ನನ್ನ ಅಂಗ್ಡಿ ಮೀಟ್ರಲ್ಲಿ ಫ್ಯೂಸೇ ಇಲ್ಲ."

"ಅದು ಗೊತ್ತಿದ್ದವನು ಈ ಕೆಲಸ ಮಾಡುವುದಿಲ್ಲ. ಫ್ಯೂಸು ಸುಟ್ಟರೆ ಯಾವ ಯಂತ್ರವೂ ಸತ್ತಂತೆ ಎಂದು ನಂಬಿದವರು ಮಾಡಿದ್ದು ಇದು. ಮೀಟರಿನೊಳಗೆ ಫ್ಯೂಸು ಇದೆ ಎಂದು ಪೊಲೀಸರಿಗೆ ನೆನಪಿಸಿದವರೂ ಅವರೇ." ಅನುಪಮಾ ಟಿವಿಯ ಪಕ್ಕದ ಸ್ಟೆಬಿಲೈಜರಿನ ಹಿಂಬದಿಯ ಫ್ಯೂಸಿನ ಮುಚ್ಚಳ ತಿರುಗಿಸಿ ತೆಗೆದರು. ಒಳಗೆ ಖಾಲಿ. ಎರಡು ಆಂಪಿಯರ್ ಎಂದು ಪಕ್ಕದಲ್ಲೇ ಅಚ್ಚಾಗಿತ್ತು. "ಇದರಲ್ಲಿದ್ದ ಸುಟ್ಟ ಫ್ಯೂಸು ಎಲ್ಲಿ ಮಾಯಣ್ಣ?"

ಮಾಯಣ್ಣ ತನ್ನ ಅಂಗೈ ನೋಡಿಕೊಂಡ.

"ಮೋಟ್ರಿನ ತ್ರೀ ಫೇಸ್ ಕರೆಂಟು ಬಂದಿತ್ತು," ಎಂದ. "ನೀರಿನ ಸರದಿ ನಂದು. ಸ್ವಿಚ್ ಕೆಳಗಿತ್ತು, ಹುಡುಗ್ರು ಯಾರೋ ತೆಗ್ದವ್ರೆ ಅನ್ಕೊಂಡು ಎತ್ತಿದೆ. ಮೋಟ್ರು ಎದ್ದ ಸದ್ದು ಬರ್ಲಿಲ್ಲ, ಹೋಗಿ ನೋಡಿದ್ರೆ ರಂಗ ಬಿದ್ದವ್ನೆ. ಸ್ವಿಚ್ ತೆಗ್ದು ಬಂದು ಅವನ್ನ ಎತ್ತಿದೆ, ಉಸಿರಿರ್ಲಿಲ್ಲ. ತಮ್ಮನ್ನ ನಾನೇ ಕೊಂದೆ ಅಂತ ಯಾರ ಹತ್ರ ಹೇಳ್ಲಿ? ಪಕ್ಕದಲ್ಲಿ ಮೀಟ್ರು ಕಾಣ್ತು."

ಗಂಗಮ್ಮ ಕೂತಲ್ಲಿಂದಲೇ, ದನಿ ಏರಿಸದೆ ಹೇಳಿದಳು: "ಕೈ ತಪ್ಪಿ ಆಯ್ತು ಅಂದಿದ್ರೆ ನಂಬ್ತಿದ್ದೆ ಕಣ್ ಭಾವ. ನನ್ನ ತಮ್ಮನ್ನ ಯಾಕೆ ಮುಂದೆ ಮಾಡಿದ್ರಿ?"

ಗಂಗಮ್ಮ ಎದ್ದು ಬಾಗಿಲ ತನಕ ಹೋಗಿ, ಮೈಲಾರಿಯ ತೋಳು ಹಿಡಿದು ಒಳಕ್ಕೆ ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡಳು. ಮೈಲಾರಿ ಬಿಕ್ಕತೊಡಗಿದ. ದಿನೇಶ್ ಅವನನ್ನು ನೋಡಿದ. ಅಷ್ಟು ಸುಲಭಕ್ಕೆ ಅಳು ಬರುವುದಾದರೂ ಹೇಗೆ ಎಂದು ಅಚ್ಚರಿಯಾಯಿತು.

ತೋಂಟದಾರ್ಯ ಮಾಯಣ್ಣನನ್ನು ಜೀಪಿನತ್ತ ಕರೆದೊಯ್ದರು. "ಮನೆಯವರು ಯಾರಾದರೂ ಒಬ್ಬರು ಬನ್ನಿ," ಎಂದರು. ದಿನೇಶ್ ಹೊರಟ. ಮಾಯಣ್ಣ ಬರಿಗಾಲಲ್ಲಿ ಹೋದದ್ದು ಕಂಡು, ಜಗಲಿಯ ಮೂಲೆಯಲ್ಲಿದ್ದ ಚಪ್ಪಲಿ ಜೊತೆಯನ್ನು ಎತ್ತಿಕೊಂಡ.

ಜೀಪು ಚಿಕ್ಕನಾಯಕನಹಳ್ಳಿಯ ರಸ್ತೆಗೆ ಹತ್ತಿದ ಮೇಲೆ ಚಪ್ಪಲಿಗಳನ್ನು ಮಾಯಣ್ಣನ ಕಾಲ ಬಳಿ ಇಟ್ಟ. ಮಾಯಣ್ಣ ನೋಡಿದ, ಕಾಲು ಹಿಂದಕ್ಕೆ ಎಳೆದುಕೊಂಡ.

"ಇವು ರಂಗಂದು ಕಣ್ಲಾ," ಎಂದ.

ದಿನೇಶ್ ಬಗ್ಗಿ ಅವನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ. ಠಾಣೆ ಬರುವವರೆಗೂ ಹಾಗೇ ಹಿಡಿದು ಕೂತಿದ್ದ.