ಹೆದರಿಸುವಷ್ಟು ಸೀಸ

“ಈ ಪುಕ್ಕಲನ್ನ ಮಾತ್ರ ಮತ್ತೆ ನಮ್ಮ ಮಿಲ್ಲಿಗೆ ಕಳಿಸ್ಬೇಡಿ ಸಾಹೇಬ್ರೇ. ಮೊನ್ನೆ ಹಿಟ್ಟಿನ ಡಬ್ಬ ಬಿದ್ದ ಸದ್ದಿಗೆ ಮೇಜಿನ ಕೆಳಗೆ ತೂರ್ಕೊಂಡ. ಹೆಂಗಸರೆಲ್ಲ ಬಿದ್ದೂ ಬಿದ್ದೂ ನಕ್ರು. ಖಾಕಿ ಹಾಕಿದ ಬೆದರುಗೊಂಬೆ! ಕಾಗೆ ಕೂಡ ಹೆದರಲ್ಲ ಇವನಿಗೆ.”

ಮಂಗಳವಾರ ಬೆಳಿಗ್ಗೆ ಹತ್ತೂಕಾಲು. ಠಾಣೆಯ ತುಂಬ ಜನ. ಹಿಟ್ಟಿನ ಮಿಲ್ಲಿನ ಸೂಪರ್‌ವೈಸರ್ ಎಡಗೆನ್ನೆಗೆ ಪಟ್ಟಿ ಅಂಟಿಸಿಕೊಂಡು ನಿಂತಿದ್ದ. ಅವನ ಬೆರಳು ಕಾನ್‌ಸ್ಟೆಬಲ್‌ನ ಮುಖಕ್ಕೆ ತಿವಿಯುವಂತೆ ಚಾಚಿತ್ತು. ದೂರು ಕೊಡಲು ಬಂದವರು ನಕ್ಕರು, ರೈಟರ್ ನಕ್ಕ, ಮೂಲೆಯಲ್ಲಿ ಬೇಡಿ ಹಾಕಿಸಿಕೊಂಡು ಕೂತಿದ್ದ ಜೇಬುಗಳ್ಳನೂ ನಕ್ಕ.

ಕಾನ್‌ಸ್ಟೆಬಲ್ ನೆಲ ನೋಡಿದ. ಮಾತು ಸುಳ್ಳಾಗಿದ್ದರೆ ಉತ್ತರ ಕೊಡಬಹುದಿತ್ತು. ಹಠಾತ್ ಸದ್ದು ಕೇಳಿದರೆ ಅವನ ಮೈ ಅವನ ಮಾತು ಕೇಳುತ್ತಿರಲಿಲ್ಲ. ಪೊಲೀಸಿನವನಿಗೆ ಹೆದರಿಕೆ ಇರಬಾರದು ಎಂದು ನಿಯಮ ಮಾಡಿದ ಮಹಾನುಭಾವ ಯಾರೋ, ಅವನು ಎಂದೂ ಬರೀ ಲಾಠಿ ಹಿಡಿದು ಕತ್ತಲೆ ಗಲ್ಲಿಗೆ ಕಾಲಿಟ್ಟವನಲ್ಲ.

“ಅವನ ವಿಷಯ ಬಿಡಿ,” ಎಂದರು ಇನ್ಸ್‌ಪೆಕ್ಟರ್. “ನಿಮ್ಮದು ಹೇಳಿ.”

ಸೂಪರ್‌ವೈಸರ್‌ನ ಕೋಣೆಯ ಕಿಟಕಿಗೆ ಯಾರೋ ಏರ್‌ಗನ್‌ನಿಂದ ಹೊಡೆಯುತ್ತಿದ್ದರು. ಮೊದಲ ಎರಡು ಸಲ ಗಾಜು ಸೀಳುಬಿಟ್ಟಿತು, ಗುಂಡು ಕಿಟಕಿಯ ಕಟ್ಟೆಯ ಮೇಲೆ ಬಿತ್ತು. ನಿನ್ನೆ ಸಂಜೆ ಮಾತ್ರ ಗುಂಡು ಗಾಜು ತೂರಿ ಬಂದು ಕೆನ್ನೆ ಸವರಿ ಬೀರುವಿನ ಬಾಗಿಲಿಗೆ ನಾಟಿಕೊಂಡಿತು. ಎರಡು ಬೆರಳು ಆಚೀಚೆ ಆಗಿದ್ದರೆ ಕಣ್ಣು ಹೋಗುತ್ತಿತ್ತು.

ಎಫ್‌ಐಆರ್ ದಾಖಲಾಯಿತು. ಹನ್ನೆರಡಕ್ಕೆ ಸ್ಥಳ ಪಂಚನಾಮೆ. ಜೊತೆಗೆ ಹೋಗಬೇಕಾದವನು ಕಾನ್‌ಸ್ಟೆಬಲ್ಲೇ.

ಇನ್ಸ್‌ಪೆಕ್ಟರ್ ಸೂಪರ್‌ವೈಸರ್‌ನ ಕೋಣೆಯಲ್ಲಿ ಮೂರೂ ಸೀಸದ ಗುಂಡುಗಳನ್ನು ಬಿಳಿ ಹಾಳೆಯ ಮೇಲಿಟ್ಟರು. ಎರಡು ಹಗುರ, ಚಪ್ಪಟೆ ತಲೆಯವು. ಮೂರನೆಯದು ಭಾರ, ಮೂತಿ ಚೂಪು. ಪಾರಿವಾಳ ಓಡಿಸಲು ಮಿಲ್ಲಿನಲ್ಲೂ ಒಂದು ಏರ್‌ಗನ್ ಇತ್ತು. ಇನ್ಸ್‌ಪೆಕ್ಟರ್ ಅದರ ನಳಿಗೆಗೆ ಒಂದು ಗುಂಡು ಹಾಕಿದರು. ಅದು ಜಾರುಬಂಡೆಯ ಮೇಲಿನ ಮಗುವಿನಂತೆ ಜಾರಿ ಆ ತುದಿಯಿಂದ ಹೊರಬಿತ್ತು.

“ಇದರ ಬಾಯಿ ಐದೂವರೆ ಮಿಲಿಮೀಟರ್, ಗುಂಡು ನಾಲ್ಕೂವರೆ. ನಿಮ್ಮ ಕೋವಿ ನಿರಪರಾಧಿ.”

ಬೀರುವಿನ ತೂತಿನಿಂದ ಗಾಜಿನ ತೂತಿಗೆ ದಾರ ಕಟ್ಟಿದರು. ಕಾನ್‌ಸ್ಟೆಬಲ್ ದಾರದ ನೇರಕ್ಕೆ ಕಣ್ಣಿಟ್ಟ. ಗಲ್ಲಿಯ ಆಚೆ ಒಂದಕ್ಕೊಂದು ಅಂಟಿಕೊಂಡ ಮೂರು ತಾರಸಿ: ವೆಲ್ಡಿಂಗ್ ಅಂಗಡಿ, ಸೈಕಲ್ ಅಂಗಡಿ, ಬೈಕ್ ಗ್ಯಾರೇಜು. ಹೊಡೆದವನು ಈಗಲೂ ಅಲ್ಲಿಂದ ತನ್ನ ಈ ಕಣ್ಣನ್ನೇ ನೋಡುತ್ತಿರಬಹುದು ಅನಿಸಿ ಅವನು ತಲೆ ಪಕ್ಕಕ್ಕೆ ಎಳೆದುಕೊಂಡ.

ಆಗಲೇ ಹಿಂದೆ ಸರಪಳಿ ಸದ್ದಾಯಿತು. ತಿರುಗಿ ನೋಡಿದರೆ, ತೆರೆದ ಬಾಗಿಲಾಚೆ ಅಂಗಳದಲ್ಲಿ ಸೂಪರ್‌ವೈಸರ್ ಪ್ಯಾಕಿಂಗ್ ಹಾಲ್‌ನ ಹಿಂಬಾಗಿಲಿಗೆ ಹೊರಗಿನಿಂದ ಬೀಗ ಜಡಿದು ಬೀಗದ ಕೈಯನ್ನು ಜೇಬಿಗಿಳಿಸುತ್ತಿದ್ದ.

“ಒಳಗೆ ಜನ ಇದ್ದಾರಲ್ಲ?” ಕಾನ್‌ಸ್ಟೆಬಲ್ ಕೇಳಿದ.

“ಇರ್ತಾರೆ. ಇಲ್ದಿದ್ರೆ ಬೀಗ ಯಾಕೆ? ಹಿಟ್ಟು ಸೊಂಟಕ್ಕೆ ಕಟ್ಕೊಂಡು ಹೋಗ್ತಾರೆ ಕಳ್ಳಿಯರು.”

“ಮುಂದಿನ ಬಾಗಿಲು?”

“ಅಲ್ಲಿ ಮೂಟೆ ಪೇರಿಸಿದೆ. ನೀನು ಗುಂಡು ನೋಡಯ್ಯ, ಬಾಗಿಲು ನಾನು ನೋಡ್ಕೋತೀನಿ.”

ಏರ್‌ಗನ್ ಸಾಮಾನು ಮಾರುವ ಅಂಗಡಿ ಊರಿಗೆಲ್ಲ ಒಂದೇ. ಅದರ ಮಾಲೀಕ ಹೊಟ್ಟೆ ಮುಂದೆ ಬಿಟ್ಟುಕೊಂಡ ಮಾತುಗಾರ. ಯಾರು ಬಂದರೂ ‘ಯಾತಕ್ಕೆ’ ಎಂದು ಕೇಳದೆ ಡಬ್ಬಿ ಮುಟ್ಟುತ್ತಿರಲಿಲ್ಲ.

“ಮದುವೆಗೆ ಹೆಣ್ಣು ನೋಡಿದ ಹಾಗೆ ಸಾರ್ ಇದು. ಕಾಗದಕ್ಕೆ ಹೊಡೆಯೋರಿಗೆ ಚಪ್ಪಟೆ ತಲೆ, ದುಂಡಗೆ ತೂತು ಬೀಳತ್ತೆ. ದೂರಕ್ಕೆ ಹೋಗ್ಬೇಕಾ, ಗುಂಡು ತಲೆ. ಒಳಕ್ಕೆ ತೂರ್ಬೇಕಾ, ಚೂಪು. ಕೋವಿಗೆ ಹೊಂದಬೇಕು, ಕೆಲಸಕ್ಕೂ ಹೊಂದಬೇಕು.”

ಇನ್ಸ್‌ಪೆಕ್ಟರ್ ಕಾಗದ ಬಿಚ್ಚಿ ಮೂರನ್ನೂ ತೋರಿಸಿದರು. ಮಾಲೀಕನ ಮಾತು ನಿಧಾನವಾಯಿತು.

“ಒಬ್ಬ ಬಂದಿದ್ದ. ಹೆಲ್ಮೆಟ್ ತೆಗೀಲಿಲ್ಲ. ಯಾತಕ್ಕೆ ಅಂದೆ. ‘ಹೆದರಿಸೋಕೆ, ಗಾಯ ಆಗಬಾರ್ದು’ ಅಂದ. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು ಅಂತ ಹಗುರದ್ದು, ಚಪ್ಪಟೇದು ಕೊಟ್ಟೆ. ನಿನ್ನೆ ಡಬ್ಬಿ ವಾಪಸ್ ತಂದ. ‘ಇದಕ್ಕೆ ಹೆದರ್ತಾ ಇಲ್ಲ’ ಅಂದ.”

“ಯಾವುದು ಹೆದರ್ತಾ ಇಲ್ಲ?”

“ಯಾವುದೋ ಕೋತಿ ಇರ್ಬೇಕು ಅಂದ್ಕೊಂಡೆ ಸಾರ್. ಚೂಪಿಂದು ಕೊಟ್ಟೆ.” ತುಟಿ ಒರೆಸಿಕೊಂಡ. “ಇವತ್ತು ಬೆಳಿಗ್ಗೆ ಮತ್ತೆ ಬಂದಿದ್ದ. ಇನ್ನೂ ಭಾರದ್ದು ಇದೆಯಾ ಅಂತ. ಇದ್ದಿದ್ದನ್ನ ಕೊಟ್ಟೆ.”

ವಾಪಸು ಬಂದ ಡಬ್ಬಿಯ ಮೇಲೆ ಕರಿ ಗ್ರೀಸಿನ ಹೆಬ್ಬೆಟ್ಟು ಮೂಡಿತ್ತು. ಅದನ್ನು ಜಪ್ತಿ ಮಾಡಿದರು. ಆದರೆ ಆ ಗಲ್ಲಿಯಲ್ಲಿ ಕರಿ ಅಲ್ಲದ ಕೈ ಯಾವುದಿತ್ತು? ಹೆಬ್ಬೆಟ್ಟಿನ ವರದಿ ಬರಲು ವಾರ ಬೇಕು. ಭಾರದ ಗುಂಡು ಅಷ್ಟು ಹೊತ್ತು ಕಾಯುವುದಿಲ್ಲ.

“ಇವತ್ತು ಸಂಜೆ ಆ ಕುರ್ಚಿಯಲ್ಲಿ ಸೂಪರ್‌ವೈಸರ್ ಬದಲು ನೀನು ಕೂತ್ಕೋ,” ಎಂದರು ಇನ್ಸ್‌ಪೆಕ್ಟರ್.

ಕಾನ್‌ಸ್ಟೆಬಲ್ ಒಂದು ಹೆಜ್ಜೆ ಹಿಂದೆ ಸರಿದ. “ಸಾರ್, ನಾನೇ ಯಾಕೆ?”

“ನಿನ್ನ ಮೈಕಟ್ಟು ಅವನ ಹಾಗೇ ಇದೆ. ಕಿಟಕಿಗೆ ಬೆನ್ನು ಹಾಕಿ ಕೂರು. ಬೆನ್ನಿಗೆ, ಕತ್ತಿಗೆ ಕವಚ ಇರತ್ತೆ. ಗುಂಡು ಯಾವ ತಾರಸಿಯಿಂದ ಬಂತು ಅಂತ ಫೋನಲ್ಲಿ ಹೇಳು, ಗಲ್ಲಿಯಲ್ಲಿ ನಮ್ಮವರು ಕಾದಿರ್ತಾರೆ.”

“ಟೋಪಿ ಒಳಗೊಂದು ಸ್ಟೀಲ್ ಬಟ್ಟಲು ಇಟ್ಕೊಳ್ಲಾ ಸಾರ್?”

ಇನ್ಸ್‌ಪೆಕ್ಟರ್ ನಗಲಿಲ್ಲ. “ಇಟ್ಕೋ.”

ಸಂಜೆ ದೀಪ ಹಾಕಿದರು. ಕಾನ್‌ಸ್ಟೆಬಲ್ ಸೂಪರ್‌ವೈಸರ್ ಹಾಕುವ ಮಿಲ್ಲಿನ ಬಿಳಿ ಟೋಪಿ ಹಾಕಿ ಕೂತ. ಹಿಂದೆ ಗಾಜು, ಗಾಜಿನ ಹಿಂದೆ ಗಲ್ಲಿ, ಗಲ್ಲಿಯ ಹಿಂದೆ ಹೊಡೆಯುವವನು. ಗೋಡೆಯಾಚೆ ಯಂತ್ರಗಳ ಗುಡುಗುಡು. ಅದರ ನಡುವೆ ಹೆಂಗಸರ ಮಾತು, ಒಂದು ಕೆಮ್ಮು. ಎದ್ದು ಓಡಬೇಕೆನಿಸಿದಾಗ ಅವನಿಗೆ ಒಂದು ವಿಷಯ ಹೊಳೆಯಿತು: ತನ್ನ ಬಾಗಿಲು ತೆರೆದಿದೆ. ತಾನು ಬೇಕಾದರೆ ಓಡಬಹುದು. ಗೋಡೆಯಾಚೆ ಕೆಮ್ಮಿದವಳು?

ಚಟ್.

ಗಾಜು ಒಡೆಯಿತು. ಕಿವಿಯ ಪಕ್ಕ ಏನೋ ಸೀಟಿ ಹೊಡೆದು ಹೋಯಿತು. ಎದುರಿನ ಗೋಡೆಯ ಗಾರೆ ಉದುರಿತು. ಕಾನ್‌ಸ್ಟೆಬಲ್ ಮೇಜಿನ ಕೆಳಗಿದ್ದ. ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ. ಅಲ್ಲಿಂದಲೇ ಒಡೆದ ಗಾಜಿನ ಕಡೆಗೆ ಕಣ್ಣು ಹಾಯಿಸಿದ. ಸೈಕಲ್ ಅಂಗಡಿಯ ತಾರಸಿಯ ಮೇಲೆ ಹಳೇ ಟೈರುಗಳನ್ನು ಸಾಲಾಗಿ ನೇತು ಹಾಕಿದ್ದರು. ಗಾಳಿ ಇರಲಿಲ್ಲ. ಎಲ್ಲ ಟೈರೂ ಸುಮ್ಮನಿದ್ದವು. ಒಂದು ಮಾತ್ರ ತೂಗುತ್ತಿತ್ತು.

“ಸೈಕಲ್... ಸೈಕಲ್ ಅಂಗಡಿ ಸಾರ್,” ಎಂದ ಫೋನಿನಲ್ಲಿ.

ಅವನು ಮೆಟ್ಟಿಲು ಹತ್ತಿ ಹೋಗುವಷ್ಟರಲ್ಲಿ ಗಲ್ಲಿಯಲ್ಲಿ ಕಾದಿದ್ದವರು ಸೈಕಲ್ ರಿಪೇರಿಯವನನ್ನು ಹಿಡಿದಿದ್ದರು. ಅವನು ಓಡಿರಲಿಲ್ಲ. ಏರ್‌ಗನ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕಾನ್‌ಸ್ಟೆಬಲ್‌ನ ತಲೆಯ ಮೇಲಿನ ಬಿಳಿ ಟೋಪಿ ಕಂಡು ಮುಖ ಸುಣ್ಣವಾಯಿತು.

“ಅಣ್ಣಾ, ನೀವಾ ಕೂತಿದ್ದು? ತಾಗಿತಾ?”

“ಇಲ್ಲ.”

“ಪಕ್ಕಕ್ಕೇ ಹೊಡ್ದೆ. ಆಣೆಗೂ ಪಕ್ಕಕ್ಕೇ ಹೊಡ್ದೆ.”

“ನಿನ್ನೆ ಕೆನ್ನೆಗೆ ತಾಗಿತಲ್ಲ?” ಇನ್ಸ್‌ಪೆಕ್ಟರ್ ಕೇಳಿದರು.

“ಕೈ ನಡುಗ್ತು ಸಾರ್.”

“ಯಾಕೆ ಹೊಡ್ದೆ?”

“ಹೆದರ್ಲಿ ಅಂತ.”

“ಯಾಕೆ ಹೆದರಬೇಕು ಅವನು?”

ಸೈಕಲ್ ರಿಪೇರಿಯವನು ಕೆಳಗೆ ಕೈ ತೋರಿಸಿದ. ಅಲ್ಲಿಂದ ಪ್ಯಾಕಿಂಗ್ ಹಾಲ್‌ನ ಹಿಂಬಾಗಿಲು ನೇರ ಕಾಣುತ್ತಿತ್ತು. ದೀಪದ ಕೆಳಗೆ ಬೀಗ ಮಿನುಗುತ್ತಿತ್ತು.

“ಒಳಗೆ ನನ್ ಹೆಂಡ್ತಿ ಇದಾಳೆ. ಹೋದ್ ತಿಂಗಳು ಮೋಟರ್ ಸುಟ್ಟು ಹೊಗೆ ತುಂಬ್ತು. ಬೀಗದ ಕೈ ಈ ಸೂಪರ್‌ವೈಸರ್ ಜೇಬಲ್ಲಿ, ಇವನು ಊಟಕ್ಕೆ ಹೋಗಿದ್ದ. ಅವರೆಲ್ಲ ಬಾಗಿಲು ಬಡಿಯೋದು ಇಲ್ಲಿಗೆ ಕೇಳ್ತಿತ್ತು. ನಾನು ಓಡಿ ಹೋಗಿ ಹೊರಗಿನಿಂದ ಬಡಿದೆ. ಇಬ್ಬರೂ ಬಡೀತಾ ಇದ್ವಿ, ಆಚೆ ಅವಳು, ಈಚೆ ನಾನು. ಇವನು ಊಟ ಮುಗಿಸಿ ಕೈ ತೊಳ್ಕೊಂಡು ಬಂದ. ಬೀಗ ಹಾಕ್ಬೇಡಿ ಅಂತ ಕಾಲು ಹಿಡ್ದೆ ಸಾರ್. ‘ಅಷ್ಟು ಹೆದರಿಕೆ ಇದ್ರೆ ಹೆಂಡ್ತೀನ ಪೆಟ್ಟಿಗೇಲಿಟ್ಕೋ’ ಅಂದ. ಎಲ್ಲರ ಎದುರಿಗೆ.”

ಅವನು ಬೀಗದಿಂದ ಕಣ್ಣು ತೆಗೆಯದೆ ಮುಂದುವರಿಸಿದ. “ನಾನು ದಿನಾ ಇಲ್ಲಿ ಕೂತು ಹೆದರ್ತೀನಿ. ಒಂದಿನ ಅವನೂ ಹೆದರಿದ್ರೆ ಬಾಗಿಲು ತೆಗೀತಾನೆ ಅಂದ್ಕೊಂಡೆ. ಚಪ್ಪಟೇದಕ್ಕೆ ಹೆದರಲಿಲ್ಲ. ಚೂಪಿಗೂ ಹೆದರಲಿಲ್ಲ.”

ಏರ್‌ಗನ್, ಅರ್ಧ ಖಾಲಿ ಡಬ್ಬಿ ಜಪ್ತಿ. ಪಂಚರ ಸಹಿ. ಸಂಜೆ ಏಳೂವರೆಗೆ ದಸ್ತಗಿರಿ. ಹೆದರಿಕೆಯಿಂದ ಗುಂಡು ಹಾರಿಸಿದವನ ಮೇಲೆ ಹಾಕಲು ಕಾಯ್ದೆಯಲ್ಲಿ ಕಲಮು ಸಾಲುಸಾಲು ಇದ್ದವು.

ಜೀಪು ಮಿಲ್ಲಿನ ಗೇಟಿನ ಎದುರು ನಿಂತಿತ್ತು. ಹಿಂದಿನ ಸೀಟಿನಿಂದ ಸೈಕಲ್ ರಿಪೇರಿಯವನು ಕಾನ್‌ಸ್ಟೆಬಲ್‌ನ ತೋಳು ಮುಟ್ಟಿದ.

“ಅಣ್ಣಾ, ಬೀಗ ತೆಗೆದ್ರಾ?”

ಕಾನ್‌ಸ್ಟೆಬಲ್ ಇನ್ಸ್‌ಪೆಕ್ಟರ್ ಮುಖ ನೋಡಿದ.

“ಅದು ನಮ್ಮ ಕೇಸಲ್ಲ,” ಎಂದರು ಅವರು, ಎತ್ತಲೋ ನೋಡುತ್ತ. “ಕಾರ್ಖಾನೆ ಇಲಾಖೆಗೆ ಪತ್ರ ಬರೆಯೋಣ.”

ಗೇಟಿನ ಒಳಗೆ ಸೂಪರ್‌ವೈಸರ್ ನಾಲ್ಕು ಜನರ ನಡುವೆ ನಿಂತು ನಗುತ್ತಿದ್ದ. ಅವನ ಒಂದು ಕೈ ಜೇಬಿನಲ್ಲಿತ್ತು. ಕಾನ್‌ಸ್ಟೆಬಲ್‌ಗೆ ಹೆದರಿಕೆ ಇನ್ನೂ ಇಳಿದಿರಲಿಲ್ಲ. ಅವನು ಬಗ್ಗಿ ಸೀಟಿನ ಅಡಿಯಿಂದ ಜಾಕಿ ರಾಡು ಎಳೆದ. ಗೇಟು ದಾಟಿದ.

“ಏಯ್ ಪುಕ್ಕಲ!” ಸೂಪರ್‌ವೈಸರ್ ಕೂಗಿದ. “ಮತ್ತೆ ಮೇಜಿನ ಕೆಳಗೆ ತೂರಿದ್ದೆಯಂತೆ! ಏಯ್, ರಾಡು ಹಿಡ್ಕೊಂಡು ಎಲ್ಲಿಗೆ?”

ಕಾನ್‌ಸ್ಟೆಬಲ್ ಉತ್ತರ ಕೊಡದೆ ಹಿಂಬಾಗಿಲ ಕಡೆಗೆ ನಡೆದ.