ಲಿಫ್ಟಮ್ಮನ ಮೂವರು ಪರಿಚಿತರು

“ಫೋಟೋ ನಂದು, ಹೆಸರು ನಂದು. ಬರೆದಿರೋದು ಮಾತ್ರ ಯಾರೋ ಪಾಪಿ!”

ನನ್ನ ಇಂಟರ್ನೆಟ್ ಅಂಗಡಿಯ ಮೂಲೆಯ ಕಂಪ್ಯೂಟರ್ ಮುಂದೆ ಕೂತು ಲಿಫ್ಟಮ್ಮ ಪರದೆಗೆ ಬೆರಳು ಚುಚ್ಚುತ್ತಿದ್ದರು. ಲಿಫ್ಟ್ ತಯಾರಿಸುವ ಕಂಪನಿಯಲ್ಲಿ ಹದಿನೈದು ವರ್ಷದಿಂದ ಎಂಜಿನಿಯರ್. ಊರಿನ ಅರ್ಧ ಜನ ಮೇಲೆ ಹೋಗಿ ಕೆಳಗೆ ಬರುವುದು ಇವರ ಪುಣ್ಯದಿಂದ. ಅದಕ್ಕೇ ಆ ಹೆಸರು.

ಉದ್ಯೋಗಸ್ಥರೆಲ್ಲ ಒಂದು ಜಾಲತಾಣಕ್ಕೆ ಹೋಗಿ, ತಮ್ಮ ಹೆಸರಿನ ಪುಟ ತೆರೆದು, ಅನುಭವ ಬರೆದು, ಪರಿಚಯ ಬೆಳೆಸುವ ಹುಚ್ಚು ಆಗಷ್ಟೇ ಶುರುವಾಗಿತ್ತು. ಕೆಲಸಕ್ಕೆ ಜನ ಹುಡುಕುವವರೂ ಪತ್ರಿಕೆಯ ಜಾಹೀರಾತು ಬಿಟ್ಟು ಅಲ್ಲಿ ಇಣುಕತೊಡಗಿದ್ದರು. ಲಿಫ್ಟಮ್ಮ ಆ ಕಡೆ ತಲೆಯನ್ನೇ ಹಾಕಿರಲಿಲ್ಲ. ಆದರೂ ಅವರ ಹೆಸರಲ್ಲಿ ಒಂದು ಪುಟ ಕಣ್ಣು ಕುಕ್ಕುತ್ತಿತ್ತು. ಮಾಡಿದ ಕೆಲಸಗಳೆಲ್ಲ ಸರಿಯಾಗಿಯೇ ಇದ್ದವು. ಕೊನೆಯಲ್ಲಿ ಮಾತ್ರ ಹೀಗಿತ್ತು: “ಈ ಕಂಪನಿ ಮುಳುಗುವ ಹಡಗು. ಯಜಮಾನರಿಗೆ ಅರಳುಮರಳು. ಬೇರೆ ಕೆಲಸವಿದ್ದರೆ ತಿಳಿಸಿ.”

“ನಿನ್ನೆ ಬೆಳಿಗ್ಗೆ ಯಜಮಾನರಿಗೇ ಆಹ್ವಾನ ಹೋಗಿದೆ, ನನ್ನ ಬಳಗಕ್ಕೆ ಸೇರಿ ಅಂತ. ಅವರು ಒಂದು ಮಾತೂ ಕೇಳಲಿಲ್ಲ. ಬೀಗದಕೈ ಇಟ್ಟು ಹೋಗು ಅಂದ್ರು. ಸೋಮವಾರ ಫ್ಯಾಕ್ಟರಿಯ ಮುಖ್ಯಸ್ಥರು ಯಾರು ಅಂತ ಹೇಳೋರಿದ್ರು. ನಾನೋ, ಅವರ ಅಳಿಯಾನೋ ಅಂತಿತ್ತು. ಈಗ ನನ್ನ ಹದಿನೈದು ವರ್ಷ ನೀರಲ್ಲಿ ಹೋಮ.”

ಗಲ್ಲಾದ ಹಿಂದೆ ಕುಳಿತು ಬಟಾಣಿ ಸುಲಿಯುತ್ತಿದ್ದ ನಮ್ಮಕ್ಕ ತಲೆ ಎತ್ತಿದಳು. ಪೊಲೀಸ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತಳಾದವಳು. ಇಲಾಖೆ ಅವಳನ್ನು ಬಿಟ್ಟಿತ್ತು, ಅವಳು ಇಲಾಖೆಯನ್ನು ಬಿಟ್ಟಿರಲಿಲ್ಲ.

“ಅಳೋದು ಆಮೇಲೆ. ಪುಟ ಕೆಳಗೆ ಸರಿಸು ತಮ್ಮಾ.”

ಸರಿಸಿದೆ. ‘ಪರಿಚಿತರು: ಮೂವರು’ ಎಂದಿತ್ತು. ಒಬ್ಬ ಪ್ರಾಣಿವೈದ್ಯ. ಒಬ್ಬಳು ನೃತ್ಯ ಶಿಕ್ಷಕಿ. ಒಬ್ಬ ವಿಗ್ ತಯಾರಕ.

“ಇವರೆಲ್ಲ ಯಾರಮ್ಮ?”

“ದೇವರಾಣೆ ಗೊತ್ತಿಲ್ಲ ಮೇಡಂ. ನಾಯಿ ಕಂಡ್ರೆ ನಂಗೆ ಭಯ. ಕುಣಿಯೋಕೆ ಬರಲ್ಲ.”

“ಕೂದಲು?”

“ನಂದೇ!”

ನನಗೆ ನಗು ಬಂತು. ತಕ್ಷಣ ಇನ್ನೊಂದು ನೆನಪಾಗಿ ನಗು ನಿಂತಿತು. ಆ ತಾಣದ ಚಾಳಿ ನನಗೆ ಗೊತ್ತಿತ್ತು. ಪುಟ ತೆರೆಯುವವರ ಇಮೇಲ್ ಕೇಳುತ್ತದೆ. ನಡುವೆ ಮೆಲ್ಲಗೆ ಇನ್ನೊಂದು ಪ್ರಶ್ನೆ: ನಿಮ್ಮ ವಿಳಾಸಪಟ್ಟಿಯಲ್ಲಿ ಇರುವವರನ್ನೆಲ್ಲ ಕರೆಯೋಣವೇ? ನಾವೋ, ಬಂದ ಬಂದ ಪ್ರಶ್ನೆಗೆಲ್ಲ ‘ಹೂಂ’ ಒತ್ತುವ ಜನ. ನಾನು ಒತ್ತಿದ ದಿನ ಸೋಡಾ ಸರಬರಾಜಿನವನಿಂದ ಹಿಡಿದು ಬಾಡಿಗೆ ಕೊಡದೆ ಓಡಿಹೋದವನ ತನಕ ಎಲ್ಲರಿಗೂ ಆಹ್ವಾನ ಹೋಗಿತ್ತು. ಅದನ್ನೇ ಅಕ್ಕನಿಗೆ ಹೇಳಿದೆ.

ಅವಳು ಕೈಯಲ್ಲಿದ್ದ ಬಟಾಣಿ ಬಾಯಿಗೆ ಹಾಕಿಕೊಂಡಳು.

“ಹಾಗಿದ್ರೆ ಇವರು ಲಿಫ್ಟಮ್ಮನ ಪರಿಚಿತರಲ್ಲ. ಪುಟ ಮಾಡಿದವನ ಪರಿಚಿತರು. ಸ್ಕೂಟರ್ ತೆಗಿ.”

“ತಾಣದವರಿಗೇ ಬರೆದು ಕೇಳೋಣ ಅಕ್ಕ.”

“ಬರಿ. ಸೋಮವಾರದೊಳಗೆ ಉತ್ತರ ಬಂದ್ರೆ ನನ್ನ ಹೆಸರು ಬದಲಾಯಿಸು.”

*

ಪ್ರಾಣಿವೈದ್ಯರು ಒಂದು ಬೆಕ್ಕಿನ ಕಿವಿಗೆ ಔಷಧಿ ಹಾಕುತ್ತಿದ್ದರು.

“ಆ ಹೆಂಗಸು ಯಾರೋ ನಂಗೊತ್ತಿಲ್ಲ. ಮರ್ಯಾದೆಯಿಂದ ಕರೆದ್ರು, ಆಗಲಿ ಅಂದೆ.”

“ಲಿಫ್ಟ್ ಕಂಪನಿಯವರು ಯಾರಾದ್ರೂ ಇಲ್ಲಿಗೆ ಬರ್ತಾರಾ?”

“ಬರ್ತಾರಲ್ಲ, ಈ ಬೆಕ್ಕೇ ಅಲ್ಲಿನ ಸಹಾಯಕ ಎಂಜಿನಿಯರ್‌ದು. ಯಜಮಾನರ ನಾಯಿಗೂ ನಾನೇ ಡಾಕ್ಟರು, ಅವರ ಮನೆಯವರು ಕರ್ಕೊಂಡು ಬರ್ತಾರೆ.”

ಹೊರಗೆ ಬಂದವನೇ ನಾನು ಅಕ್ಕನ ತೋಳು ಹಿಡಿದೆ. ಸಹಾಯಕ! ಲಿಫ್ಟಮ್ಮ ಹೋದರೆ ಅವರ ಕುರ್ಚಿ ಅವನಿಗೆ. ಪುಟದ ಫೋಟೋ ತೆಗೆದವನೂ ಅವನೇ ಎಂದು ಲಿಫ್ಟಮ್ಮನೇ ಹೇಳಿದ್ದರು. “ಸಿಕ್ಕಿಬಿದ್ದ ಅಕ್ಕ!” ಎಂದೆ.

“ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲೀಬೇಡ,” ಎಂದಳು.

ಸಹಾಯಕ ವರ್ಕ್‌ಶಾಪಿನಲ್ಲಿ ಲಿಫ್ಟಿನ ಬಾಗಿಲೊಂದನ್ನು ಬಿಚ್ಚಿ ಕೂತಿದ್ದ. ಕೇಳಿದ್ದೇ ತಡ, ಕಣ್ಣಲ್ಲಿ ನೀರು ತುಂಬಿಕೊಂಡ.

“ನಾನಾ? ಅವರು ನಂಗೆ ಕೆಲಸ ಕಲಿಸಿದೋರು ಮೇಡಂ. ಫೋಟೋ ತೆಗೆದು ಆಫೀಸಿನ ಎಲ್ಲರಿಗೂ ಕಳಿಸಿದ್ದೆ. ಯಾರು ಬೇಕಾದ್ರೂ ಬಳಸ್ಬಹುದು. ನೋಡಿ, ನಂಗೂ ಆ ಆಹ್ವಾನ ಬಂದಿದೆ.”

ಕಂಪ್ಯೂಟರಿನಲ್ಲಿ ತೋರಿಸಿದ. ಆಫೀಸಿನಲ್ಲಿ ಎಲ್ಲರಿಗೂ ಬಂದಿತ್ತಂತೆ. ಅಕ್ಕ ಅವನ ಬೆನ್ನು ತಟ್ಟಿ ಹೊರಟಳು.

“ಅಷ್ಟೇನಾ? ಬಿಟ್ಬಿಟ್ಯಾ?” ನನಗೆ ಉರಿಯಿತು.

“ನಿನ್ನ ವಿಳಾಸಪಟ್ಟೀಲಿ ನಿನ್ನ ವಿಳಾಸಾನೇ ಬರ್ಕೊಂಡಿದ್ಯೇನೋ?”

“ಇಲ್ಲ.”

“ಅವನೂ ಬರ್ಕೊಂಡಿರಲ್ಲ. ಆಹ್ವಾನ ಬಂದಿದೆ ಅಂದ್ಮೇಲೆ ಅವನ ವಿಳಾಸ ಬೇರೆಯವರ ಪಟ್ಟೀಲಿತ್ತು. ಆಫೀಸಿನವರೆಲ್ಲ ಆ ಪಟ್ಟೀಲಿದ್ರು ಅಂದ್ರೆ ಕಳ್ಳ ಆಫೀಸಿನೋನೇ.”

*

ನೃತ್ಯ ಶಿಕ್ಷಕಿಯ ಶಾಲೆಯಲ್ಲಿ ಗೋಡೆ ತುಂಬ ಕನ್ನಡಿ. ನನ್ನ ಹೊಟ್ಟೆ ಎಲ್ಲ ದಿಕ್ಕಿನಿಂದಲೂ ಕಾಣುತ್ತಿತ್ತು.

“ಲಿಫ್ಟ್ ಕಂಪನಿಯವರು ಒಬ್ರು ಕಲೀತಿದ್ದಾರೆ,” ಎಂದರು ಶಿಕ್ಷಕಿ. “ಯಾರು ಅಂತ ಕೇಳ್ಬೇಡಿ. ಮದುವೆಯ ವಾರ್ಷಿಕೋತ್ಸವದ ದಿನ ಹೆಂಡತಿ ಜೊತೆ ಕುಣಿದು ಆಶ್ಚರ್ಯಪಡಿಸ್ಬೇಕಂತೆ. ಪಾಪ, ತುಂಬ ಆಸೆಯಿಂದ ಬರ್ತಾರೆ. ಒಂದೇ ತೊಂದ್ರೆ, ಗರಗರ ತಿರುಗಿ ಅಂದ್ರೆ ಒಪ್ಪಲ್ಲ. ಫ್ಯಾನ್ ಕೂಡ ಆರಿಸಿ ಅಂತಾರೆ.”

“ಸೆಕೆಯಲ್ಲೂ?”

“ಬೆವರು ಸುರಿದ್ರೂ ಅಷ್ಟೇ.”

ಅಕ್ಕನ ಮುಖ ಅರಳಿತು. ಅಂಥ ಮುಖ ಕಂಡರೆ ಏನೋ ಸುಳಿವು ಸಿಕ್ಕಿದೆ ಎಂದೇ ಅರ್ಥ.

ವಿಗ್ ಅಂಗಡಿಯವನು ಬಾಯಿ ಬಿಡಲಿಲ್ಲ. “ಗಿರಾಕಿಗಳ ಹೆಸರು ಹೇಳಿದ್ರೆ ನಾಳೆ ಅಂಗಡಿ ಮುಚ್ಬೇಕಾಗುತ್ತೆ ಮೇಡಂ,” ಎಂದು ಕೈ ಮುಗಿದ. ಅಕ್ಕ ಒತ್ತಾಯಿಸಲಿಲ್ಲ.

*

ಮರುದಿನ ಅಕ್ಕ ಹೇಳಿ ಕಳಿಸಿದ್ದರಿಂದ ಯಜಮಾನರ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಯಜಮಾನರು, ಲಿಫ್ಟಮ್ಮ, ಸಹಾಯಕ, ಮಾರಾಟ ವಿಭಾಗ ನೋಡಿಕೊಳ್ಳುತ್ತಿದ್ದ ಅಳಿಯ. ಅಳಿಯನಿಗೆ ಹಣೆಯ ಮೇಲೆ ಸೊಂಪಾದ ಕ್ರಾಪು. ಮಾತೂ ಅಷ್ಟೇ ಸೊಂಪು.

“ನಂಬಿದವರೇ ಹೀಗೆ ಮಾಡಿದ್ರೆ ನಮಗೂ ಬೇಜಾರೇ,” ಎಂದ.

“ನಿಮಗೂ ಆಹ್ವಾನ ಬಂತಾ?” ಅಕ್ಕ ಕೇಳಿದಳು.

“ಬಂತು. ಸಿಟ್ಟಿಗೆ ಅಳಿಸಿಬಿಟ್ಟೆ.”

ಅಕ್ಕ ವಿಳಾಸಪಟ್ಟಿಯ ವಿಷಯ ಬಿಡಿಸಿ ಹೇಳಿದಳು. “ಪುಟ ಮಾಡಿದವನು ಯಾರೇ ಆಗಲಿ, ಅವನಿಗೆ ಮೂವರು ಗೊತ್ತಿರ್ಬೇಕು. ಒಬ್ರು ಪ್ರಾಣಿವೈದ್ಯರು. ಯಜಮಾನರೇ, ನಿಮ್ಮ ನಾಯೀನ ಅಲ್ಲಿಗೆ ಯಾರು ಕರ್ಕೊಂಡು ಹೋಗ್ತಾರೆ?”

“ಅಳಿಯಂದಿರು.”

“ಇನ್ನೊಬ್ರು ನೃತ್ಯ ಶಿಕ್ಷಕಿ. ಮೂರನೆಯವನದು ವಿಗ್ ಅಂಗಡಿ.”

ಅಳಿಯನ ಬಲಗೈ ಸರ್ರನೆ ಮೇಲೆ ಹೋಗಿ ಕ್ರಾಪು ಒತ್ತಿ ಹಿಡಿಯಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಮುಟ್ಟಿಕೊಂಡದ್ದು ತಲೆ. ಸಹಾಯಕ ಕಿಸಕ್ಕೆಂದ. ಯಜಮಾನರು ನಗಲಿಲ್ಲ.

“ನೀವಾ?”

“ಮಾವಾ... ಎಲ್ಲಿ ಹೋದ್ರೂ ಮಾವನ ಮನೆ ಅಳಿಯ ಅಂತಾರೆ. ಒಂದು ಕುರ್ಚಿ ನಂದು ಅಂತ ಇರ್ಲಿ ಅನ್ನಿಸ್ತು. ನಿಮಗೊಬ್ಬರಿಗೇ ಕಳಿಸ್ಬೇಕು ಅಂತಿದ್ದೆ. ಅದು ಊರಿಗೆಲ್ಲ ಹೋಯ್ತು.”

“ನನ್ನ ಮಗಳಿಗೆ ಏನು ಹೇಳ್ಲಿ ನಾನು? ತೆಗೀರಿ ಆ ಪುಟ. ಈಗಲೇ ಅಳಿಸಿ!”

ಅಳಿಯ ಬೆವರುತ್ತ ಯಜಮಾನರ ಕಂಪ್ಯೂಟರಿನಲ್ಲಿ ಪುಟ ತೆರೆದ. ಒಳಗೆ ಯಾರೂ ಓದದ ಒಂದು ಪತ್ರ ಬಿದ್ದಿತ್ತು. ಅಕ್ಕ ಅವನ ಕೈ ತಡೆದಳು.

“ಪತ್ರ ಬಂದಿರೋದು ಇವರ ಹೆಸರಿಗೆ. ಓದಮ್ಮ.”

ಲಿಫ್ಟಮ್ಮ ಗಟ್ಟಿಯಾಗಿ ಓದಿದರು. ಇನ್ನೊಂದು ಲಿಫ್ಟ್ ಕಂಪನಿ ನಡೆಸುವ ಹೆಂಗಸು ಬರೆದದ್ದು. “ದೊಡ್ಡಾಸ್ಪತ್ರೆಯ ಲಿಫ್ಟ್ ನಿಮ್ಮದೆಂದು ನಿಮ್ಮ ಪುಟದಿಂದ ತಿಳಿಯಿತು. ಆಪರೇಷನ್ ಆದ ನನ್ನ ತಾಯಿಯನ್ನು ಅದರಲ್ಲೇ ಕರೆತಂದೆವು. ಲಿಫ್ಟ್ ಒಂದಿಷ್ಟೂ ಕುಲುಕಲಿಲ್ಲ, ಅಷ್ಟು ನೋವಿನಲ್ಲೂ ಅಮ್ಮ ಒಮ್ಮೆಯೂ ನರಳಲಿಲ್ಲ. ನಮ್ಮ ಹೊಸ ಫ್ಯಾಕ್ಟರಿಗೆ ನಿಮ್ಮಂಥವರು ಬೇಕು. ಕಂಪನಿಯ ಬಗ್ಗೆ ಬರೆದ ಮಾತುಗಳೇಕೋ ನಿಮ್ಮದೆನಿಸುತ್ತಿಲ್ಲ. ಸೋಮವಾರ ಬನ್ನಿ. ಎದುರು ಕೂತು ಮಾತಾಡೋಣ.”

ಯಜಮಾನರು ಮೇಜಿನ ಖಾನೆಯಿಂದ ಬೀಗದಕೈ ತೆಗೆದು ಮುಂದೆ ಸರಿಸಿದರು.

“ತಪ್ಪಾಯ್ತಮ್ಮ. ಫ್ಯಾಕ್ಟರಿ ನಿಂದೇ. ಇವತ್ತೇ ಹೇಳಿಬಿಡ್ತೀನಿ.”

ಲಿಫ್ಟಮ್ಮ ಬೀಗದಕೈಯನ್ನು ನೋಡಿದರು. ಮುಟ್ಟಲಿಲ್ಲ.

“ಹದಿನೈದು ವರ್ಷ ದಿನಾ ನನ್ನ ಮುಖ ನೋಡಿದ್ರಿ ಸರ್. ‘ಇದು ನೀನೇ ಬರೆದದ್ದಾ’ ಅಂತ ಕೇಳೋಕೆ ನಿಮಗೆ ಆಗ್ಲಿಲ್ಲ. ಇವರು ನನ್ನ ಮುಖಾನೇ ನೋಡಿಲ್ಲ. ಆದ್ರೂ ಕೇಳೋಣ ಅಂತಿದ್ದಾರೆ.”

“ಸೋಮವಾರ ಎಲ್ಲರೂ ಕಾಯ್ತಾರಮ್ಮ. ಏನು ಹೇಳ್ಲಿ?”

“ಇವನ ಹೆಸರು ಹೇಳಿ,” ಸಹಾಯಕನ ಕಡೆ ಕೈ ತೋರಿಸಿದರು. “ಕೆಲಸ ಚೆನ್ನಾಗಿ ಗೊತ್ತು. ಕಲಿಸಿದೋಳು ನಾನೇ.”

ಸಹಾಯಕ ನಗಬೇಕೋ ಅಳಬೇಕೋ ತಿಳಿಯದೆ ಬಾಯಿ ತೆರೆದುಕೊಂಡೇ ನಿಂತ. ಲಿಫ್ಟಮ್ಮ ಕೀಬೋರ್ಡನ್ನು ತಮ್ಮತ್ತ ಎಳೆದುಕೊಂಡು, ಯಜಮಾನರ ಕಣ್ಣೆದುರೇ ಉತ್ತರ ಬರೆದರು: “ಸೋಮವಾರ ಬೆಳಿಗ್ಗೆ ಬರುತ್ತೇನೆ. ಅಮ್ಮ ಈಗ ಹೇಗಿದ್ದಾರೆ?”