ಕಿಸೆಯಲ್ಲಿದ್ದ ಉಡದಾರ

2025ರ ಜೂನ್ 9, ಸೋಮವಾರ. ಬೆಳಿಗ್ಗೆ 9.20ಕ್ಕೆ ದಾನಮ್ಮ ತುರ್ಭೆಯ ಠಾಣೆಗೆ ಬಂದು, ಭಾನುವಾರ ಸಮುದ್ರ ದಂಡೆಯ ರಿಸಾರ್ಟಿಗೆ ಹೋದ ಗಂಡ ಸಿದ್ರಾಮ ಮನೆಗೆ ಬಂದಿಲ್ಲವೆಂದು ದೂರು ಕೊಟ್ಟಳು. ಸಿದ್ರಾಮ, ವಯಸ್ಸು 38, ವಿಜಯಪುರದ ಕಡೆಯವನು, ತುರ್ಭೆಯ ಗೋದಾಮೊಂದರಲ್ಲಿ ಹಮಾಲಿ. ಅವಳ ಹಿಂದೆ ಅಣ್ಣ ರೇವಣಸಿದ್ದ ನಿಂತಿದ್ದ. ಅವನೂ ಅದೇ ಗೋದಾಮಿನವನು; ತಂಗಿಯ ಗಂಡನ ಜೊತೆ ಹೋಗಿ ಒಬ್ಬನೇ ವಾಪಸ್ ಬಂದವನು.

ಇನ್‌ಸ್ಪೆಕ್ಟರ್ ಪುಷ್ಪಾವತಿ ಬಂಗೇರ ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವರು. ಮನೆಯಲ್ಲಿ ತುಳು, ಠಾಣೆಯಲ್ಲಿ ಮರಾಠಿ. ಕನ್ನಡದವರು ಯಾರೇ ಬಂದರೂ ಉಳಿದವರು ಅವರ ಮೇಜಿನ ಕಡೆ ಬೆರಳು ತೋರಿಸಿ ಕೈತೊಳೆದುಕೊಳ್ಳುತ್ತಿದ್ದರು.

"ಅಲ್ಲಿಗೆ ಹೋದದ್ದು ಯಾಕೆ?"

"ಮಾಲಿ ಕೆಲಸ ಐತಂತ್ರಿ. ಇರಾಕ ಖೋಲಿನೂ ಕೊಡತಾರಂತ. ನೋಡ್ಕೊಂಡು ಬರತೀನಿ, ಚಲೋ ಇದ್ರ ಎಲ್ಲಾರೂ ಅಲ್ಲೇ ಹೋಗೂಣು ಅಂದಿದ್ರು," ಎಂದಳು ದಾನಮ್ಮ.

ಇನ್‌ಸ್ಪೆಕ್ಟರ್ ರೇವಣಸಿದ್ದನ ಕಡೆ ತಿರುಗಿದರು. "ನೀನು ಎಷ್ಟು ಹೊತ್ತು ಜೊತೆಗಿದ್ದದ್ದು?"

"ನಾಕ ಗಂಟೆತನಕ್ರಿ. ದಂಡಿಗುಂಟ ಅಡ್ಡಾಡಿ ಬರತೀನಿ ಅಂದ. ಬರಲೇ ಇಲ್ಲ. ಕಡೀ ಬಸ್ ಹಿಡದು ನಾ ಬಂದೆ."

"ಆಮೇಲೆ ಅವನನ್ನು ನೋಡಲೇ ಇಲ್ಲವಾ?"

"ಇಲ್ರಿ. ಕಣ್ಣೀಲೆ ಸೈತ ನೋಡಿಲ್ಲ."

ಕಾನ್‌ಸ್ಟೇಬಲ್ ಶಂಭು ರೇವಣಸಿದ್ದನ ಹೇಳಿಕೆ ಬರೆದು ಸಹಿ ಹಾಕಿಸಿಕೊಂಡ. ನಾಪತ್ತೆ ಪ್ರಕರಣ ದಾಖಲಾಯಿತು.

11.45ಕ್ಕೆ ಅಲಿಬಾಗ್ ಆಚೆಯ ಒಂದು ಠಾಣೆಯಿಂದ ಫೋನು ಬಂತು. ರಿಸಾರ್ಟಿನಿಂದ ಒಂದು ಕಿಲೋಮೀಟರ್ ದೂರದ ಬಂಡೆಗಳ ನಡುವೆ ಗಂಡಸಿನ ಶವ ಸಿಕ್ಕಿತ್ತು. ಇನ್‌ಸ್ಪೆಕ್ಟರ್, ಶಂಭು, ದಾನಮ್ಮ, ರೇವಣಸಿದ್ದ, ನಾಲ್ವರೂ ಜೀಪಿನಲ್ಲಿ ಹೊರಟರು. ದಾರಿಯುದ್ದಕ್ಕೂ ಅಣ್ಣ ತಂಗಿಯ ಕೈ ಬಿಡಲಿಲ್ಲ. "ನಾ ಅದೀನಿ, ನೀ ಎಲ್ಲೂ ಹೋಗಬ್ಯಾಡ," ಎಂದು ಮತ್ತೆ ಮತ್ತೆ ಹೇಳುತ್ತಿದ್ದ. ಇಂಥ ಅಣ್ಣ ಯಾರಿಗೆ ಸಿಗುತ್ತಾನೆ ಎಂದು ಶಂಭುವಿಗೆ ಅನಿಸಿತು.

ತಾಲೂಕು ಆಸ್ಪತ್ರೆಯಲ್ಲಿ ದಾನಮ್ಮ ಶವ ಗುರುತಿಸಿದಳು. ಅಳಲಿಲ್ಲ, ಗೋಡೆ ಹಿಡಿದು ಕೂತಳು. ತಲೆಯ ಹಿಂಭಾಗದಲ್ಲಿ ಗಾಯವಿತ್ತು. ಅಲ್ಲಿನ ಹವಾಲ್ದಾರ ಬಂಡೆಗೆ ಬಡಿದದ್ದೆಂದು ಆಗಲೇ ತೀರ್ಮಾನಿಸಿದ್ದ. "ಮಳೆಗಾಲದ ಸಮುದ್ರ ಮೇಡಂ, ಪ್ರತಿ ವರ್ಷ ಇದೇ ಹಾಡು," ಎಂದು ಮರಾಠಿಯಲ್ಲಿ ಹೇಳಿ ಆಕಸ್ಮಿಕ ಮರಣದ ಕಡತ ಮುಂದಿಟ್ಟ.

"ಅವರು ಮೊಣಕಾಲುದ್ದ ನೀರಿಗೂ ಅಂಜತಿದ್ರು," ಎಂದಳು ದಾನಮ್ಮ. "ಸಮುದ್ರಕ ಇಳಿಯೂ ಮನಿಷ್ಯಾನಽ ಅಲ್ರಿ. ಏನಾತು ಅಂತ ಗೊತ್ತಾಗೂತನಕ ನಾ ಮಣ್ಣು ಮಾಡಾಕ ಬಿಡೂದಿಲ್ಲ."

ಸಂಜೆ 4.10ಕ್ಕೆ ಇನ್‌ಸ್ಪೆಕ್ಟರ್ ರಿಸಾರ್ಟಿಗೆ ಹೋದರು. ಸೀಸನ್ ಮುಗಿದಿತ್ತು. ಗುಡಿಸಲುಗಳ ಮೇಲೆ ನೀಲಿ ತಾಡಪಾಲು, ಈಜುಕೊಳದಲ್ಲಿ ಪಾಚಿ, ದಂಡೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಗಾಳಿಮರಗಳ ಹಿಂದಿನಿಂದ ಯಾರಾದರೂ ಕೂಗಿಕೊಂಡರೂ ಅಲೆಯ ಸದ್ದಿನಲ್ಲಿ ಹತ್ತು ಹೆಜ್ಜೆಯಾಚೆಗೆ ಕೇಳುವಂತಿರಲಿಲ್ಲ. ಪುಷ್ಪಾವತಿಯವರಿಗೆ ಆ ಜಾಗ ಒಂಚೂರೂ ಹಿಡಿಸಲಿಲ್ಲ. ಆ ಮರಗಳ ಬುಡದಲ್ಲೇ, ಈಜಲು ಇಳಿದವನು ಬಿಚ್ಚಿಟ್ಟಂತೆ ಮಡಚಿದ ಬಟ್ಟೆ ಬೆಳಿಗ್ಗೆ ವಾಚ್‌ಮನ್‌ಗೆ ಸಿಕ್ಕಿದ್ದು. ಅದನ್ನು ಪಂಚರ ಎದುರು ಜಪ್ತಿ ಮಾಡಿದ್ದರು. ಪಂಚನಾಮೆಯಲ್ಲಿ ಹೀಗಿತ್ತು: ಅಂಗಿ ಒಂದು, ಪ್ಯಾಂಟು ಒಂದು, ಅಂಗಿಯ ಕಿಸೆಯಲ್ಲಿ ಬೆಳ್ಳಿಗುಂಡಿರುವ ಕರಿದಾರ ಒಂದು, ತುಂಡಾದದ್ದು.

ಆ ಸಾಲನ್ನು ಪುಷ್ಪಾವತಿ ಓದಿ ಮುಂದೆ ಹೋಗಿದ್ದರು. ವಾಪಸ್ ಬಂದು ಆಸ್ಪತ್ರೆಯ ಜಗಲಿಯಲ್ಲಿ ದಾನಮ್ಮನಿಗೆ ಬಟ್ಟೆ ತೋರಿಸಿದಾಗ ಅವಳು ದಾರವನ್ನೇ ಹಿಡಿದುಕೊಂಡಳು. ರೇವಣಸಿದ್ದ ಆಗ ಶಂಭುವಿನ ಜೊತೆ ಚಹಾಕ್ಕೆ ಹೋಗಿದ್ದ.

"ಉಡದಾರ ಯಾರು ಹರದ್ರಿ ಇದು?"

"ಡಾಕ್ಟರ್ ಇರಬೇಕು."

"ದವಾಖಾನ್ಯಾಗ ಹರದಿದ್ರ ಅಂಗಿ ಕಿಸೇದಾಗ ಹ್ಯಾಂಗ ಬರತೈತ್ರಿ? ಅಂಗಿ ದಂಡ್ಯಾಗ ಇತ್ತಲ್ಲ."

ಇನ್‌ಸ್ಪೆಕ್ಟರ್ ಪಂಚನಾಮೆ ತೆರೆದು ಆ ಸಾಲನ್ನು ಮತ್ತೆ ಓದಿದರು.

"ಜೀವ ಇದ್ದಾಗ ಗಂಡಸ್ರು ಸೊಂಟದಿಂದ ಇದನ್ನ ತಗಿಯಂಗಿಲ್ರಿ. ಉಸಿರು ಹೋದಮ್ಯಾಲ ಮನಿ ಮಂದಿ ಹರೀತಾರ." ದಾನಮ್ಮನ ಮುಖದಲ್ಲಿ ಬೆಳಗಿನಿಂದ ಇಲ್ಲದ ಒಂದು ಸಮಾಧಾನ ಬಂತು. "ಅಂದ್ರ ನಮ್ಮವರು ಯಾರೋ ಬಾಜೂಕ ಇದ್ರು. ಒಬ್ಬರಽ ಸಾಯಲಿಲ್ಲ ಬಿಡ್ರಿ."

ಪುಷ್ಪಾವತಿ ದಾರ ತೆಗೆದುಕೊಂಡು ತುದಿಯನ್ನು ಬೆಳಕಿಗೆ ಹಿಡಿದರು: ಚಾಕುವಿನಿಂದ ಕೊಯ್ದದ್ದು. ಶವ ನೀರಿಗೆ ಬೀಳುವ ಮೊದಲೇ ದಾರ ಹರಿದಿತ್ತು. ಆ ದಂಡೆಯಲ್ಲಿ ಈ ಪದ್ಧತಿ ಗೊತ್ತಿದ್ದವನು ಒಬ್ಬನೇ.

ಮುಂದಿನದೆಲ್ಲ ಬೇಗ ಆಯಿತು. ಭಾನುವಾರ ಸಂಜೆ ಐದೂವರೆಗೆ ಒಬ್ಬ ಮೈಯೆಲ್ಲ ಒದ್ದೆಯಾಗಿ ಬಸ್ ಸ್ಟಾಪಿನ ಕಡೆ ಹೋದನೆಂದೂ ಅಂದು ಮಳೆಯೇ ಇರಲಿಲ್ಲವೆಂದೂ ವಾಚ್‌ಮನ್ ಹೇಳಿದ, ರೇವಣಸಿದ್ದನನ್ನು ಗುರುತಿಸಿದ. ಶವಪರೀಕ್ಷೆಯ ಪ್ರಕಾರ ಶ್ವಾಸಕೋಶಕ್ಕೆ ನೀರು ಹೋಗಿರಲಿಲ್ಲ. ಸಿದ್ರಾಮ ಸತ್ತ ಮೇಲೆ ಸಮುದ್ರ ಸೇರಿದ್ದ. ಕೊಲೆಯ ಎಫ್‌ಐಆರ್ ದಾಖಲಾಯಿತು. ಮಂಗಳವಾರ ಬೆಳಿಗ್ಗೆ 10ಕ್ಕೆ ತುರ್ಭೆಯಲ್ಲಿ ರೇವಣಸಿದ್ದನ ಖೋಲಿಯಿಂದ ಗೋಣಿಯ ಸುತಳಿ ಕೊಯ್ಯುವ ಚಾಕು ಪಂಚನಾಮೆ ಮಾಡಿ ತಂದರು. ಅದು ಮಡಚುವ ಸಂದಿನಲ್ಲಿ ಕರಿದಾರದ ಎಳೆ ಸಿಕ್ಕಿಕೊಂಡಿತ್ತು.

"ಕಣ್ಣಿಂದಲೂ ನೋಡಿಲ್ಲ ಅಂದಿಯಲ್ಲ. ಉಡದಾರ ಕೊಯ್ದದ್ದು ಯಾರು?"

ರೇವಣಸಿದ್ದ ಚಾಕುವಿನ ಕಡೆ ನೋಡಿದ. "ನಮ್ಮ ತಂಗಿ ಗಂಡ ಅಲ್ಲೇನ್ರಿ ಅಂವ? ಹಂಗಽ ನೀರಿಗಿ ಬಿಡಾಕ ಬರತೈತಿ?"

"ಕೊಂದದ್ದು ಯಾಕೆ?"

"ಖೋಲಿ ತೋರಿಸಿದ. ಮುಂದಿನ ವಾರ ಬರತೀವಿ ಅಂದ. ಬ್ಯಾಡೋ ಅಂತ ಕಾಲು ಹಿಡದೆ. ನೀನೂ ಒಂದು ಮದಿವಿ ಮಾಡ್ಕೊ ಅಂತ ನಕ್ಕ. ಕಲ್ಲು ಕೈಯಾಗ ಬಂದಿತ್ರಿ."

ತಾಯಿ ಸತ್ತಾಗ ದಾನಮ್ಮನಿಗೆ ಮೂರು ವರ್ಷ, ಅವನಿಗೆ ಹನ್ನೊಂದು. ಅಂದಿನಿಂದ ಅವಳನ್ನು ಬೆಳೆಸುವುದೇ ಅವನ ಬಾಳಾಯಿತು. ಅವಳ ಮದುವೆಯಾದ ಮೇಲೆ ಅವಳ ಪಕ್ಕದ ಖೋಲಿ, ಅವಳ ಕೈಯ ಊಟ. ತನಗೊಂದು ಸಂಸಾರ ಬೇಕೆಂದು ಅವನಿಗೆ ತೋಚಿರಲೇ ಇಲ್ಲ. ಆ ಶಾಂತವಾದ ದಂಡೆಯನ್ನು ನೋಡಿ ಸಿದ್ರಾಮನಿಗೆ ಎಷ್ಟು ಖುಷಿಯಾಯಿತೋ, ರೇವಣಸಿದ್ದನಿಗೆ ಅಷ್ಟೇ ಭಯವಾಯಿತು.

ಬೆಳಿಗ್ಗೆ 11.30ಕ್ಕೆ ಬಂಧನ. ಮೆಮೊ ತುಂಬುತ್ತ ಶಂಭು, ನಿಯಮದಂತೆ ಕೇಳಿದ: "ಬಂಧನದ ವಿಷಯ ಮನೆಯವರಲ್ಲಿ ಯಾರಿಗೆ ತಿಳಿಸಬೇಕು?"

"ತಂಗಿಗಿ ಹೇಳ್ರಿ. ನನಗ ಬ್ಯಾರೆ ಯಾರದಾರ?"

ತಂಗಿ ಹೊರಗೆ ಬೆಂಚಿನ ಮೇಲೆ, ಗಂಡನ ಕೊನೆಗಳಿಗೆಯಲ್ಲಿ ಜೊತೆಗಿದ್ದವರು ಯಾರೆಂದು ಕೇಳಲು ಕೂತಿದ್ದಳು. ಶಂಭು ಏಳಲಿಲ್ಲ. ಇನ್‌ಸ್ಪೆಕ್ಟರ್ ತಾವೇ ಕಾಗದ ಹಿಡಿದು ಹೋಗಿ, ಅವಳ ಪಕ್ಕದಲ್ಲಿ ಕೂತು ಓದಿ ಹೇಳಿದರು. ದಾನಮ್ಮ ಇನ್ನೊಮ್ಮೆ ಓದಿಸಿದಳು.

"ಉಡದಾರದ್ದು ನಾನಽ ಹೇಳಿಕೊಟ್ನಲ್ರಿ ನಿಮಗ," ಎಂದಳು.

ಪುಷ್ಪಾವತಿ ಶಾಯಿಯ ಪ್ಯಾಡ್ ತೆರೆದು ಬೆಂಚಿನ ಮೇಲಿಟ್ಟರು. ಒಳಗಿನಿಂದ ರೇವಣಸಿದ್ದ ತಂಗಿಯ ಹೆಸರು ಹಿಡಿದು ಕರೆಯುವುದು ಕೇಳಿಸುತ್ತಿತ್ತು. ಅವಳು ಆ ಕಡೆ ನೋಡಲಿಲ್ಲ.

"ಎಲ್ಲಿ ಒತ್ತಲ್ರಿ?"

ಇನ್‌ಸ್ಪೆಕ್ಟರ್ ಜಾಗ ತೋರಿಸಿದರು. 'ಆರೋಪಿಯ ಹತ್ತಿರದ ಸಂಬಂಧಿ' ಎಂದು ಅಚ್ಚಾಗಿದ್ದ ಸಾಲಿನ ಮುಂದೆ ದಾನಮ್ಮ ಹೆಬ್ಬೆಟ್ಟು ಒತ್ತಿದಳು. ಆಗ ಸಮಯ ಮಧ್ಯಾಹ್ನ 12.05.